ಮೀನಿನ ತೊಟ್ಟಿಗೂ ಹೆಪ್ಪು ಬೇಕು



ಈ ಸಲದ ಆರೋಗ್ಯ ಬರಹ ಸಕ್ಕರೆ ಕಾಯಿಲೆಯ ಬಗ್ಗೆ ಅಲ್ಲ, ಬಿ.ಪಿ. ಬಗ್ಗೆಯೂ ಅಲ್ಲ. ಹಾಲ್‌ನಲ್ಲಿ ಟಿ.ವಿ. ಪಕ್ಕ ಇಟ್ಟಿರುವ ಮೀನಿನ ತೊಟ್ಟಿಯ ಬಗ್ಗೆ. ತೊಟ್ಟಿಯ ಆರೋಗ್ಯದ ಜೊತೆಗೆ, ಆ ತೊಟ್ಟಿ ಇರುವ ಮನೆಯವರ ಆರೋಗ್ಯದ ನಾಲ್ಕು ಮಾತುಗಳೂ ಇದರಲ್ಲಿವೆ. ಸ್ವಲ್ಪ ಉದ್ದದ ಬರಹ. ರಾತ್ರಿ ಊಟ ಮುಗಿಸಿ ಸಾವಕಾಶವಾಗಿ ಓದಿ.

ಎಷ್ಟೋ ಮನೆಗಳಲ್ಲಿ ನಡೆಯುವ ಕಥೆ ಇದು. ಮಗುವಿನ ಹುಟ್ಟುಹಬ್ಬ ಬರುತ್ತದೆ. ನಾಯಿ ಬೇಕು ಎಂಬ ಹಟ. ಫ್ಲಾಟ್ ಚಿಕ್ಕದು, ನಾಯಿಗೆ ಸೊಸೈಟಿಯವರು ತಕರಾರು ಮಾಡುತ್ತಾರೆ, ಬೆಕ್ಕಿಗೆ ಅಜ್ಜಿ ಒಪ್ಪುವುದಿಲ್ಲ. ಕೊನೆಗೆ ಮೀನು ತರೋಣ ಎಂದಾಗುತ್ತದೆ. ಭಾನುವಾರ ಬೆಳಿಗ್ಗೆ ಹೋಗಿ ಗಾಜಿನ ತೊಟ್ಟಿ, ಬಣ್ಣದ ಕಲ್ಲು, ಗುಳ್ಳೆ ಬಿಡುವ ಮೋಟಾರು, ಪ್ಲಾಸ್ಟಿಕ್ ಚೀಲದಲ್ಲಿ ಆರು ಮೀನು ತರುತ್ತೀರಿ. ನಲ್ಲಿ ನೀರು ತುಂಬಿ, ಲೈಟ್ ಹಾಕಿ, ಮೀನು ಬಿಡುತ್ತೀರಿ. ಊರಿನ ಅಜ್ಜ-ಅಜ್ಜಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸುವುದೂ ಆಗುತ್ತದೆ.

ಬುಧವಾರ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗುತ್ತವೆ. ಶುಕ್ರವಾರ ಒಂದು ತೇಲುತ್ತದೆ. ಭಾನುವಾರದ ಹೊತ್ತಿಗೆ ಉಳಿದದ್ದು ಒಂದೋ ಎರಡೋ. ಶಾಲೆಯಿಂದ ಬಂದ ಮಗು ಕೇಳುತ್ತದೆ: "ಅಪ್ಪಾ, ನಾನು ಊಟ ಜಾಸ್ತಿ ಹಾಕಿದ್ದಕ್ಕೆ ಸತ್ತುಹೋಯ್ತಾ?"

ನಾವು ಸಾಮಾನ್ಯವಾಗಿ ಕೊಡುವ ಉತ್ತರ, "ಮೀನು ಅಂದ್ರೆ ಹಾಗೇ ಪುಟ್ಟಾ, ಬೇರೆ ತರೋಣ ಬಿಡು." ಮುಂದಿನ ವಾರ ಬೇರೆ ಆರು ಬರುತ್ತವೆ. ಅವೂ ಹೋಗುತ್ತವೆ. ತಿಂಗಳಾದ ಮೇಲೆ ಖಾಲಿ ತೊಟ್ಟಿ ಬಾಲ್ಕನಿಯ ಮೂಲೆ ಸೇರುತ್ತದೆ.

ನಿಜ ಹೇಳಬೇಕೆಂದರೆ ಮೀನು ಅಂದರೆ ಹಾಗೇನೂ ಅಲ್ಲ. ಚೆನ್ನಾಗಿ ನೋಡಿಕೊಂಡರೆ ಗಪ್ಪಿಯಂಥ ಪುಟ್ಟ ಮೀನೂ ಒಂದೆರಡು ವರ್ಷ ಬದುಕುತ್ತದೆ. ಗೋಲ್ಡ್ ಫಿಶ್ ಹತ್ತು ವರ್ಷ ದಾಟಬಲ್ಲದು. ಮೊದಲ ವಾರದಲ್ಲೇ ಸಾಯುವ ಮೀನುಗಳಲ್ಲಿ ಹೆಚ್ಚಿನವು ರೋಗದಿಂದ ಸಾಯುವುದಿಲ್ಲ, ವಿಷದಿಂದ ಸಾಯುತ್ತವೆ. ಆ ವಿಷ ಹೊರಗಿನಿಂದ ಬಂದದ್ದಲ್ಲ, ಅವುಗಳೇ ಬಿಟ್ಟದ್ದು. ಅದನ್ನು ತೆಗೆಯುವ ವ್ಯವಸ್ಥೆ ಹೊಸ ತೊಟ್ಟಿಯಲ್ಲಿ ಇನ್ನೂ ಹುಟ್ಟಿರುವುದಿಲ್ಲ, ಅಷ್ಟೆ.

*1. ತಿಳಿ ನೀರೆಲ್ಲ ಒಳ್ಳೆಯ ನೀರಲ್ಲ*

ಮೀನು ತಿಂದದ್ದರಲ್ಲಿರುವ ಪ್ರೋಟೀನು ಅದರ ಮೈಯಲ್ಲಿ ಕರಗಿದಾಗ ಅಮೋನಿಯಾ ಉಳಿಯುತ್ತದೆ. ನಮ್ಮ ದೇಹ ಅದನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಹೊರಹಾಕುತ್ತದೆ. ಮೀನು ಅಮೋನಿಯಾವನ್ನು ಹೆಚ್ಚಾಗಿ ಕಿವಿರುಗಳ ಮೂಲಕ ನೇರವಾಗಿ ನೀರಿಗೇ ಬಿಡುತ್ತದೆ. ಇದರ ಜೊತೆಗೆ ಅದರ ಹಿಕ್ಕೆ, ತಿನ್ನದೆ ಉಳಿದ ಆಹಾರ, ಕೊಳೆತ ಎಲೆ ಎಲ್ಲವೂ ಸೇರಿ ಇನ್ನಷ್ಟು ಅಮೋನಿಯಾ ಆಗುತ್ತದೆ.

ನದಿಯಲ್ಲಿ, ಕೆರೆಯಲ್ಲಿ ನೀರು ಅಪಾರ. ಬಿಟ್ಟದ್ದು ಹಂಚಿಹೋಗುತ್ತದೆ. ನಮ್ಮ ತೊಟ್ಟಿಯಲ್ಲಿ ಇರುವುದು 30, 40 ಲೀಟರ್. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಲೆ ಹಚ್ಚಿ ಕೂತಂತೆ ಅವುಗಳ ಪಾಡು. ಅಮೋನಿಯಾ ಕಿವಿರನ್ನು ಸುಡುತ್ತದೆ, ಉಸಿರು ಕಟ್ಟುತ್ತದೆ. ಮೀನು ಮೇಲಕ್ಕೆ ಬಂದು ಬಾಯಿ ಬಿಡುವುದು ಹಸಿವಿನಿಂದಲ್ಲ. ಹಸಿವೆಂದು ತಿಳಿದು ನಾವು ಇನ್ನೊಂದು ಚಿಟಿಕೆ ಆಹಾರ ಹಾಕುತ್ತೇವೆ. ಅದು ಕೊಳೆತು ಅಮೋನಿಯಾ ಇನ್ನೂ ಏರುತ್ತದೆ.

ಇಷ್ಟೆಲ್ಲ ಆಗುವಾಗಲೂ ನೀರು ಕನ್ನಡಿಯಂತೆ ತಿಳಿಯಾಗಿರಬಹುದು. ಅಮೋನಿಯಾಕ್ಕೆ ಬಣ್ಣವಿಲ್ಲ. ಮೀನು ಕೊಲ್ಲುವಷ್ಟು ಇದ್ದಾಗಲೂ ನಮ್ಮ ಮೂಗಿಗೆ ಗೊತ್ತಾಗುವುದಿಲ್ಲ. ನೋಡಿ ತಿಳಿಯುವ ಮಾತಲ್ಲ, ಪರೀಕ್ಷೆ ಮಾಡಿಯೇ ತಿಳಿಯಬೇಕು.

*2. ಈ ವಿಷವನ್ನು ತಿನ್ನುವವರು ಯಾರು?*

ಬ್ಯಾಕ್ಟೀರಿಯಾ. ಎಲ್ಲ ಬ್ಯಾಕ್ಟೀರಿಯಾ ರೋಗ ತರುವುದಿಲ್ಲ, ಮೊಸರಿನ ಮನೆಯವರಾದ ನಮಗೆ ಇದನ್ನು ಹೇಳಬೇಕಾಗಿಲ್ಲ.

ತೊಟ್ಟಿಯಲ್ಲಿ ಎರಡು ಹಂತದ ಕೆಲಸ ನಡೆಯಬೇಕು.

👉 ಮೊದಲ ಹಂತ: ನೈಟ್ರೊಸೊಮೊನಾಸ್‌ನಂಥ ಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತವೆ.

👉 ಎರಡನೆಯ ಹಂತ: ನೈಟ್ರೊಸ್ಪೈರಾ ಗುಂಪಿನವು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತವೆ.

ಹೆಸರುಗಳು ಒಂದೇ ರೀತಿ ಕೇಳಿಸುತ್ತವೆ, ಆದರೆ ಗುಣ ಬೇರೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತ ಸೇರಿ ಆಮ್ಲಜನಕ ಹೊರುವ ಶಕ್ತಿಯನ್ನೇ ಕಿತ್ತುಕೊಳ್ಳುತ್ತದೆ, ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ನೀರಿನಲ್ಲಿ ಗುಳ್ಳೆ ಎಷ್ಟೇ ಬಂದರೂ ಮೀನಿಗೆ ಉಸಿರು ಸಾಲುವುದಿಲ್ಲ. ಕೊನೆಯ ನೈಟ್ರೇಟ್ ಮಾತ್ರ ಸೌಮ್ಯ. ಅದನ್ನು ಗಿಡಗಳು ಗೊಬ್ಬರವಾಗಿ ಹೀರುತ್ತವೆ, ಉಳಿದದ್ದನ್ನು ವಾರಕ್ಕೊಮ್ಮೆ ನೀರು ಬದಲಿಸಿ ನಾವು ತೆಗೆಯುತ್ತೇವೆ.

ಇದೇ ಸಾರಜನಕ ಚಕ್ರ. ಊರಿನ ಹೊಲಕ್ಕೆ ಹಾಕಿದ ತಿಪ್ಪೆಗೊಬ್ಬರ ಪೈರಿಗೆ ದಕ್ಕುವುದೂ ಹೀಗೆಯೇ. ಕೀವ್‌ನಲ್ಲಿ ಹುಟ್ಟಿದ ವಿಜ್ಞಾನಿ ಸೆರ್ಗೈ ವಿನೋಗ್ರಾಡ್‌ಸ್ಕಿ 1890ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನಲ್ಲಿ ಮಣ್ಣಿನ ಈ ಜೀವಿಗಳನ್ನು ಬೇರ್ಪಡಿಸಿ ಬೆಳೆಸಿ, ಕೆಲಸ ಎರಡು ಹಂತದ್ದು ಎಂದು ತೋರಿಸಿದರು. 2015ರಲ್ಲಿ, ಎರಡೂ ಹಂತವನ್ನು ಒಂದೇ ಮುಗಿಸುವ ನೈಟ್ರೊಸ್ಪೈರಾ ಇರುವುದೂ ಗೊತ್ತಾಯಿತು. ಅದು ಸಿಕ್ಕ ಜಾಗಗಳಲ್ಲಿ ಒಂದು, ಮೀನು ಸಾಕಣೆಯ ತೊಟ್ಟಿಗೆ ಜೋಡಿಸಿದ್ದ ಫಿಲ್ಟರ್.

*3. ಹೆಪ್ಪಿನ ಲೆಕ್ಕ*

ಹಾಲು ಎಷ್ಟೇ ಒಳ್ಳೆಯದಿದ್ದರೂ ಹೆಪ್ಪು ಹಾಕದೆ ಒಳ್ಳೆಯ ಮೊಸರಾಗುವುದಿಲ್ಲ. ಹಾಕಿದ ಮೇಲೂ ಹೊತ್ತು ಬೇಕು. ದೆಹಲಿಯ ಚಳಿಗಾಲದಲ್ಲಿ ಪಾತ್ರೆಗೆ ಬಟ್ಟೆ ಸುತ್ತಿ ಇಡಬೇಕು. ಹೊಸ ಊರಿಗೆ ಬಂದ ಮೊದಲ ದಿನ ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ಕೇಳಿ ತಂದವರು ನಮ್ಮಲ್ಲಿ ಎಷ್ಟು ಜನ ಇಲ್ಲ!

ಹೊಸ ತೊಟ್ಟಿಯ ಲೆಕ್ಕವೂ ಇದೇ. ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಿಕೊಂಡಿರುವುದು ಕಡಿಮೆ. ಫಿಲ್ಟರಿನ ಸ್ಪಂಜು, ಕಲ್ಲು, ಗಾಜಿನ ಗೋಡೆಗೆ ಅಂಟಿಕೊಂಡು ಬೆಳೆಯುತ್ತವೆ. ಮೊಸರಿನ ಬ್ಯಾಕ್ಟೀರಿಯಾ ರಾತ್ರಿ ಬೆಳಗಾಗುವುದರೊಳಗೆ ಕೆಲಸ ಮುಗಿಸುತ್ತವೆ, ಇವು ಹಾಗಲ್ಲ. ಎಲ್ಲ ಅನುಕೂಲ ಇದ್ದರೂ ಒಂದು ಎರಡಾಗಲು ಹೆಚ್ಚುಕಡಿಮೆ ಒಂದು ದಿನ ಬೇಕು. ಹೀಗಾಗಿ ಹೆಪ್ಪಿಲ್ಲದ ಹೊಸ ತೊಟ್ಟಿ ತಯಾರಾಗಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ.

"ಒಂದು ದಿನ ನೀರು ತುಂಬಿಟ್ಟು ಮೀನು ಬಿಡಿ" ಎಂಬ ಸಲಹೆ ಅನೇಕ ಕಡೆ ಸಿಗುತ್ತದೆ. ಒಂದು ದಿನದಲ್ಲಿ ಹೋಗುವುದು ಕ್ಲೋರಿನ್ ಮಾತ್ರ. ಬ್ಯಾಕ್ಟೀರಿಯಾ ಬಂದಿರುವುದಿಲ್ಲ.

*4. ನಿಮ್ಮ ಊರಿನ ನೀರು ಎಂಥದ್ದು?*

ನಾವು ಬೇರೆ ಬೇರೆ ಊರಲ್ಲಿದ್ದೇವೆ, ನೀರೂ ಬೇರೆ. ತಯಾರಿ ಶುರುಮಾಡುವ ಮೊದಲು ಇದನ್ನು ಗಮನಿಸಿ.

*ಕ್ಲೋರಿನ್:* ನಮ್ಮ ಹೊಟ್ಟೆಗೆ ರೋಗ ಬಾರದಿರಲಿ ಎಂದು ನಗರದ ನೀರಿಗೆ ಕ್ಲೋರಿನ್ ಹಾಕುತ್ತಾರೆ. ಅದು ನಮ್ಮ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಬಕೆಟ್‌ನಲ್ಲಿ 24 ಗಂಟೆ ಇಟ್ಟರೆ, ಅದರಲ್ಲೂ ಗುಳ್ಳೆ ಬಿಟ್ಟರೆ, ಕ್ಲೋರಿನ್ ಹಾರಿಹೋಗುತ್ತದೆ. ಆತುರವಿದ್ದರೆ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಎಂದು ಸಿಗುವ ದ್ರಾವಣವನ್ನು ಸೀಸೆಯ ಮೇಲೆ ಹೇಳಿದ ಅಳತೆಯಲ್ಲಿ ಹಾಕಿ.

*ಮುಂಬಯಿ:* ಸಹ್ಯಾದ್ರಿಯ ಮಳೆ ತುಂಬಿದ ತಾನಸಾ, ವೈತರಣಾ, ಭಾತ್ಸಾದ ನೀರು ಮೆದು. ಸಾಬೂನು ಚೆನ್ನಾಗಿ ನೊರೆ ಬರುತ್ತದೆ. ಆದರೆ ಈ ಬ್ಯಾಕ್ಟೀರಿಯಾ ಕೆಲಸ ಮಾಡುವಾಗ ನೀರಿನ ಕ್ಷಾರವನ್ನು ಬಳಸಿಕೊಳ್ಳುತ್ತವೆ. ಮೆದು ನೀರಿನಲ್ಲಿ ಅದು ಬೇಗ ಮುಗಿದು, ನೀರು ಹುಳಿಯಾಗಿ, ಕೆಲಸ ನಡುವೆಯೇ ನಿಲ್ಲಬಹುದು. ತೊಳೆದ ಸಮುದ್ರದ ಕಪ್ಪೆಚಿಪ್ಪನ್ನು ಒಂದು ಹಿಡಿ ಬಟ್ಟೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ಹತ್ತಿರ ಇಟ್ಟರೆ ಸಾಕು, ನಿಧಾನಕ್ಕೆ ಕರಗುತ್ತಾ ಕ್ಷಾರ ಕೊಡುತ್ತದೆ.

*ಚೆನ್ನೈ, ಹೈದರಾಬಾದ್, ದೆಹಲಿಯ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು:* ಇದು ಸಾಮಾನ್ಯವಾಗಿ ಗಡಸು. ಬ್ಯಾಕ್ಟೀರಿಯಾಕ್ಕೆ ಒಳ್ಳೆಯದೇ. ಆದರೆ ಇಂಥ ನೀರಿನ ಪಿಎಚ್ ಹಲವು ಕಡೆ 8ರ ಹತ್ತಿರ ಇರುತ್ತದೆ, ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಜೋರು. 25 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ನೂರಕ್ಕೆ ಒಂದು ಪಾಲೂ ಇಲ್ಲ. ಪಿಎಚ್ 8 ಆದರೆ ಸುಮಾರು 5 ಪಾಲು. ಮುಂಬಯಿಯ ಬಂಧುವಿನ ತೊಟ್ಟಿಯಲ್ಲಿ ಮೀನು ತಡೆದುಕೊಂಡ ಅಮೋನಿಯಾ ಚೆನ್ನೈಯ ನಿಮ್ಮ ತೊಟ್ಟಿಯಲ್ಲಿ ಕೊಲ್ಲಬಹುದು.

*ಆರ್‌ಒ ನೀರು:* "ನಾವು ಕುಡಿಯುವ ಶುದ್ಧ ನೀರೇ ಹಾಕಿದೆವು, ಆದರೂ ಸತ್ತವು" ಎನ್ನುವವರಿದ್ದಾರೆ. ಆರ್‌ಒ ನೀರಿನಲ್ಲಿ ಲವಣವೂ ಕ್ಷಾರವೂ ತೀರಾ ಕಡಿಮೆ. ಬರೀ ಅದನ್ನೇ ತುಂಬಬೇಡಿ. ನಲ್ಲಿ ನೀರು ತುಂಬ ಗಡಸಾಗಿದ್ದರೆ ಸ್ವಲ್ಪ ಬೆರೆಸಬಹುದು.

*5. ಮೀನಿಲ್ಲದೆ ತೊಟ್ಟಿ ತಯಾರು ಮಾಡುವ ಕ್ರಮ*

ಬೇಕಾದದ್ದು: 40, 50 ಲೀಟರಿನ ತೊಟ್ಟಿ, ಸ್ಪಂಜಿರುವ ಫಿಲ್ಟರ್, ಮತ್ತು ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮೂರನ್ನೂ ತೋರಿಸುವ ಪರೀಕ್ಷೆ ಕಿಟ್. ಅದ್ದಿ ನೋಡುವ ಹಲವು ಪಟ್ಟಿಗಳಲ್ಲಿ ಅಮೋನಿಯಾ ಇರುವುದೇ ಇಲ್ಲ, ಕೊಳ್ಳುವಾಗ ನೋಡಿಕೊಳ್ಳಿ. ಹನಿ ಹಾಕಿ ಬಣ್ಣ ನೋಡುವ ಕಿಟ್ ಒಳ್ಳೆಯದು. ದುಂಡನೆಯ ಗಾಜಿನ ಬಟ್ಟಲು ಬೇಡವೇ ಬೇಡ. ನೀರು ಕಡಿಮೆ ಇದ್ದಷ್ಟೂ ವಿಷ ಬೇಗ ಏರುತ್ತದೆ.

*ಮೊದಲ ದಿನ:* ಕಲ್ಲು, ತೊಟ್ಟಿಯನ್ನು ಬರೀ ನೀರಿನಲ್ಲಿ ತೊಳೆಯಿರಿ. ಸಾಬೂನು, ಪಾತ್ರೆ ತೊಳೆಯುವ ಪುಡಿ ಮುಟ್ಟಿಸಬೇಡಿ. ಕ್ಲೋರಿನ್ ಹೋದ ನೀರು ತುಂಬಿ ಫಿಲ್ಟರ್ ಶುರುಮಾಡಿ. ಇನ್ನು ಮುಂದೆ ಅದು ಹಗಲೂ ರಾತ್ರಿ ನಡೆಯಬೇಕು. ಈ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬೇಕೇ ಬೇಕು. ನೀರು 25ರಿಂದ 28 ಡಿಗ್ರಿ ಇದ್ದರೆ ಉತ್ತಮ. ದೆಹಲಿಯ ಡಿಸೆಂಬರ್ ಜನವರಿಯಲ್ಲಿ ಹೀಟರ್ ಇಲ್ಲದೆ ಆಗುವುದಿಲ್ಲ.

*ದಿನವೂ:* ಮೀನು ಇದ್ದರೆ ಹಾಕುತ್ತಿದ್ದಷ್ಟು, ಒಂದು ಸಣ್ಣ ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೆ ಹಾಕಿ. ನೋಡಿದವರು ನಗಬಹುದು, ನಗಲಿ. ಅದು ಕೊಳೆತು ಅಮೋನಿಯಾ ಆಗುತ್ತದೆ, ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಅಮೋನಿಯಾ ಲೀಟರಿಗೆ 2 ಮಿಲಿಗ್ರಾಂ ಸುತ್ತ ಇದ್ದರೆ ಸಾಕು, ಕಿಟ್‌ನಲ್ಲಿ ಇದನ್ನೇ 2 ಪಿಪಿಎಂ ಎಂದು ಬರೆದಿರುತ್ತದೆ. 4 ದಾಟಿದರೆ ಆಹಾರ ನಿಲ್ಲಿಸಿ, ಅರ್ಧ ನೀರು ಬದಲಿಸಿ.

*ಹೆಪ್ಪು:* ಸ್ನೇಹಿತರ ಮನೆಯಲ್ಲಿ ಹಲವು ತಿಂಗಳಿಂದ ಚೆನ್ನಾಗಿ ನಡೆಯುತ್ತಿರುವ, ರೋಗವಿಲ್ಲದ ತೊಟ್ಟಿ ಇದ್ದರೆ ಅದರ ಹಳೆಯ ಸ್ಪಂಜಿನ ಒಂದು ತುಂಡು ಕೇಳಿ. ಅವರ ತೊಟ್ಟಿಯ ನೀರಿನಲ್ಲೇ ಮುಳುಗಿಸಿ, ಒಣಗಲು ಬಿಡದೆ, ಅದೇ ದಿನ ತಂದು ನಿಮ್ಮ ಫಿಲ್ಟರಿನಲ್ಲಿ ಇಡಿ. ನೋಡಲು ಕಂದು ಕೊಳೆ, ಆದರೆ ತೊಟ್ಟಿಗೆ ಬೇಕಾದ ಹೆಪ್ಪು ಅದರಲ್ಲೇ ಇದೆ. ಹೀಗೆ ಮಾಡಿದರೆ ಎಷ್ಟೋ ಸಲ 4 ವಾರದ ಕೆಲಸ ಒಂದೆರಡು ವಾರದಲ್ಲಿ ಮುಗಿಯುತ್ತದೆ. ಅಂಗಡಿಯಲ್ಲಿ ಸೀಸೆಯಲ್ಲೂ ಬ್ಯಾಕ್ಟೀರಿಯಾ ಸಿಗುತ್ತದೆ. ಕೆಲವು ಫಲ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಹಾಕಿದರೂ ಪರೀಕ್ಷೆ ಬಿಡಬೇಡಿ.

*ವಾರ ವಾರ ಏನು ಕಾಣುತ್ತದೆ?* ವಾರಕ್ಕೆ ಎರಡು ಮೂರು ಸಲ ಪರೀಕ್ಷೆ ಮಾಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಈ ಕೆಲಸ ಮಗುವಿಗೇ ಕೊಡಿ, ಕಿಟ್‌ನ ಹನಿ ಹಾಕುವುದನ್ನು ಮಾತ್ರ ನೀವು ಮಾಡಿ, ಅದರಲ್ಲಿ ರಾಸಾಯನಿಕ ಇರುತ್ತದೆ.

▪️ 1ನೇ ವಾರ: ಅಮೋನಿಯಾ ಏರುತ್ತದೆ. ನೀರು ಸ್ವಲ್ಪ ಹಾಲು ಬೆರೆಸಿದಂತೆ ಮಸುಕಾಗಬಹುದು. ಹೆದರಬೇಡಿ, ತಾನಾಗಿ ತಿಳಿಯಾಗುತ್ತದೆ.

▪️ 2, 3ನೇ ವಾರ: ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ. "ಅಮೋನಿಯಾ ಹೋಯಿತಲ್ಲ" ಎಂದು ಮೀನು ತರುವವರು ಎಡವುವುದು ಇಲ್ಲೇ.

▪️ 4ರಿಂದ 6ನೇ ವಾರ: ನೈಟ್ರೈಟ್ ಇಳಿಯುತ್ತದೆ, ನೈಟ್ರೇಟ್ ಏರುತ್ತದೆ.

ದಿನವೂ ಆಹಾರ ಬೀಳುತ್ತಿದ್ದರೂ ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ ಕಾಣುತ್ತಿದೆ. ಒಂದು ವಾರ ಪೂರ್ತಿ ಹೀಗೇ ಇದ್ದರೆ ತೊಟ್ಟಿ ತಯಾರಾಯಿತು. ಈಗ ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ, ಮೊದಲಿಗೆ ಎರಡು ಮೂರು ಸಣ್ಣ ಮೀನು ಮಾತ್ರ ತನ್ನಿ. ಚೀಲವನ್ನು 15, 20 ನಿಮಿಷ ನೀರಿನಲ್ಲಿ ತೇಲಿಸಿ ಬಿಸಿ ಸಮವಾದ ಮೇಲೆ ಬಿಡಿ. ಚೀಲದ ನೀರು ತೊಟ್ಟಿಗೆ ಬೇಡ. ಇನ್ನೂ ಬೇಕೆಂದರೆ ಎರಡು ವಾರ ಬಿಟ್ಟು. ಮನೆಗೆ ನೆಂಟರು ಬಂದಂತೆ ಎಲ್ಲ ಒಟ್ಟಿಗೆ ಬಂದರೆ ಬ್ಯಾಕ್ಟೀರಿಯಾಕ್ಕೆ ಬಡಿಸಿ ಪೂರೈಸದು.

*6. ಈಗಾಗಲೇ ಮೀನು ತಂದಾಗಿದೆ, ಏನು ಮಾಡಲಿ?*

ಇದನ್ನು ಓದುತ್ತಿರುವ ಬಹುತೇಕರ ಸ್ಥಿತಿ ಇದೇ ಇರಬಹುದು. ಗಾಬರಿ ಬೇಡ, ಉಳಿಸಬಹುದು.

1) ದಿನಾ ಪರೀಕ್ಷೆ ಮಾಡಿ. ಅಮೋನಿಯಾ ಅಥವಾ ನೈಟ್ರೈಟ್ 0.5 ದಾಟಿದ ದಿನ ಕಾಲು ಭಾಗದಿಂದ ಅರ್ಧದಷ್ಟು ನೀರು ಬದಲಿಸಿ. ಹೊಸ ನೀರು ಕ್ಲೋರಿನ್ ಇಲ್ಲದ್ದು, ಅಷ್ಟೇ ಬೆಚ್ಚಗಿನದು ಇರಲಿ.

2) ಆಹಾರ ಎರಡು ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಬೆಳೆದ ಮೀನು ಕೆಲವು ದಿನ ಉಪವಾಸ ತಡೆಯುತ್ತದೆ, ಅಮೋನಿಯಾ ತಡೆಯುವುದಿಲ್ಲ.

3) ಗುಳ್ಳೆ ಹೆಚ್ಚಿಸಿ.

4) ನೈಟ್ರೈಟ್ ಏರಿದ್ದರೆ 10 ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಉಪ್ಪು ಕರಗಿಸಿ ಹಾಕಿ. 50 ಲೀಟರಿಗೆ ಸುಮಾರು ಒಂದು ಟೀ ಚಮಚ. ಉಪ್ಪಿನ ಕ್ಲೋರೈಡ್ ನೈಟ್ರೈಟನ್ನು ಕಿವಿರಿನ ಒಳಕ್ಕೆ ಹೋಗಗೊಡುವುದಿಲ್ಲ. ಮುಂದೆ ನೀರು ಬದಲಿಸುವಾಗ ತೆಗೆದ ನೀರಿಗೆ ತಕ್ಕಷ್ಟು ಮಾತ್ರ ಸೇರಿಸಿ.

5) ಸ್ನೇಹಿತರ ಮನೆಯ ಹೆಪ್ಪು ತರಲು ಇದೇ ಹೊತ್ತು.

6) ಸತ್ತ ಮೀನಿನ ಜಾಗಕ್ಕೆ ಹೊಸದನ್ನು ತರಬೇಡಿ. ಪರೀಕ್ಷೆಯಲ್ಲಿ ಎರಡೂ 0 ಬರುವ ತನಕ ಕಾಯಿರಿ.

ಇನ್ನೊಂದು ಮುಖ್ಯ ಮಾತು. ಮೀನು ಸೊರಗಿದೆ ಎಂದು ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಕ್ಯಾಪ್ಸೂಲ್ ಒಡೆದು ತೊಟ್ಟಿಗೆ ಹಾಕಬೇಡಿ. ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳುತ್ತದೆ, ಔಷಧಕ್ಕೆ ಬಗ್ಗದ ಕೆಟ್ಟವು ಬೆಳೆಯಲು ದಾರಿಯಾಗುತ್ತದೆ. ಆ ನೀರಿನಲ್ಲೇ ನಾವು ಕೈ ಆಡಿಸುವವರು.

*7. ಸ್ವಚ್ಛತೆಯ ಅತಿ ಉತ್ಸಾಹ*

ನಮ್ಮವರ ಒಂದು ಒಳ್ಳೆಯ ಗುಣ ಇಲ್ಲಿ ಮುಳುವಾಗುತ್ತದೆ. ಭಾನುವಾರ ಬಂತೆಂದರೆ ತೊಟ್ಟಿ ಖಾಲಿ ಮಾಡಿ, ಕಲ್ಲು, ಸ್ಪಂಜು ಎಲ್ಲವನ್ನೂ ನಲ್ಲಿಯ ಕೆಳಗೆ ತಿಕ್ಕಿ ತೊಳೆದು, ಹೊಸ ನೀರು ತುಂಬುತ್ತೇವೆ. ಹೊಳೆಯುತ್ತದೆ. ಆದರೆ ತಿಂಗಳಿಂದ ಬೆಳೆದ ಬ್ಯಾಕ್ಟೀರಿಯಾ ಚರಂಡಿ ಸೇರಿರುತ್ತದೆ. ಮೊಸರಿನ ಪಾತ್ರೆಯನ್ನು ಹೆಪ್ಪಿಗೂ ಉಳಿಸದೆ ತೊಳೆದಿಟ್ಟಂತೆ. ಎರಡು ದಿನದಲ್ಲಿ ಮತ್ತೆ ಮೀನು ಬಾಯಿ ಬಿಡುತ್ತದೆ.

ಸರಿಯಾದ ಕ್ರಮ: ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲಿಸಿ. ಸ್ಪಂಜು ಕಟ್ಟಿಕೊಂಡಿದ್ದರೆ, ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಎರಡು ಸಲ ಹಿಂಡಿ ಮತ್ತೆ ಇಡಿ. ಕಂದು ಬಣ್ಣ ಉಳಿಯಲಿ. ನೈಟ್ರೇಟ್ 40ರ ಒಳಗಿರಲಿ, 20ರ ಒಳಗಿದ್ದರೆ ಇನ್ನೂ ಒಳ್ಳೆಯದು. ಮನೆಯ ಮನಿ ಪ್ಲಾಂಟಿನ ಒಂದು ಬಳ್ಳಿಯನ್ನು ಬೇರು ಮಾತ್ರ ನೀರಿನಲ್ಲಿ, ಎಲೆ ಹೊರಗೆ ಇರುವಂತೆ ಇಟ್ಟರೆ ಅದು ನೈಟ್ರೇಟ್ ಹೀರಿ ಸೊಂಪಾಗಿ ಬೆಳೆಯುತ್ತದೆ. ತೆಗೆದ ನೀರನ್ನು ಬಾಲ್ಕನಿಯ ತುಳಸಿಗೆ, ಕರಿಬೇವಿಗೆ ಹಾಕಿ, ಒಳ್ಳೆಯ ಗೊಬ್ಬರ. ಉಪ್ಪು ಹಾಕಿದ ವಾರ ಮಾತ್ರ ಬೇಡ.

*8. ಊರಿಗೆ ಹೊರಟಾಗ*

ದಸರೆಗೋ, ಬೇಸಿಗೆ ರಜೆಗೋ, ಮದುವೆಗೋ ಊರಿಗೆ ಹೊರಡುತ್ತೇವೆ. ಗ್ಯಾಸ್ ಬಂದ್, ನಲ್ಲಿ ಬಂದ್, ಕೊನೆಗೆ ಬಾಗಿಲ ಪಕ್ಕದ ಮೇನ್ ಸ್ವಿಚ್ ಬಂದ್. ವರ್ಷಗಳ ಅಭ್ಯಾಸ, ಕೈ ತಾನಾಗಿ ಹೋಗುತ್ತದೆ. ಅದರೊಂದಿಗೆ ಫಿಲ್ಟರೂ ನಿಂತಿತು. ಫಿಲ್ಟರಿನೊಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತವೆ, ಮೀನಿಗೂ ಉಸಿರು ಕಟ್ಟುತ್ತದೆ. ಮೇನ್ ಸ್ವಿಚ್ ಮೇಲೆ ಇಂದೇ ಒಂದು ಚೀಟಿ ಅಂಟಿಸಿ: "ಮೀನು ಇವೆ". ಉಳಿದ ಸ್ವಿಚ್‌ಗಳನ್ನು ಒಂದೊಂದಾಗಿ ಆರಿಸಿ.

ಆಹಾರದ ವಿಷಯ. ಮೂರು ನಾಲ್ಕು ದಿನವಾದರೆ ಏನೂ ಬೇಡ. ಆರೋಗ್ಯವಾದ ದೊಡ್ಡ ಮೀನು ಒಂದು ವಾರವೂ ತಡೆಯುತ್ತದೆ. ಹೆಚ್ಚು ದಿನವಾದರೆ ಪಕ್ಕದ ಮನೆಯವರಿಗೆ ಆಹಾರದ ಡಬ್ಬಿ ಕೊಡಬೇಡಿ. ಪಾಪ, ಪ್ರೀತಿಯಿಂದ ಹಿಡಿ ಹಿಡಿ ಹಾಕಿಬಿಡುತ್ತಾರೆ. ಎರಡು ದಿನಕ್ಕೊಂದರಂತೆ ಒಂದು ಚಿಟಿಕೆಯ ಕಾಗದದ ಪೊಟ್ಟಣ ಕಟ್ಟಿ, ಮೇಲೆ ತಾರೀಖು ಬರೆದು, ಅಷ್ಟನ್ನೇ ಕೊಟ್ಟು ಹೋಗಿ. ಬರುವಾಗ ಅವರಿಗೆ ಊರಿನ ಚಕ್ಕುಲಿ ತಂದರಾಯಿತು.

*9. ಮನೆಮಂದಿಯ ಆರೋಗ್ಯಕ್ಕೆ*

✔️ *ಸೊಳ್ಳೆ:* ಮೀನಿಲ್ಲದ ತೊಟ್ಟಿ ಒಂದು ತಿಂಗಳು ನಿಂತರೆ ಡೆಂಗಿ ಹರಡುವ ಸೊಳ್ಳೆಗೆ ಹಬ್ಬ. ಮೇಲೆ ಸಣ್ಣ ಬಲೆ ಅಥವಾ ಸಂದಿಯಿಲ್ಲದ ಮುಚ್ಚಳ ಇರಲಿ, ಫಿಲ್ಟರ್ ನೀರನ್ನು ಕದಡುತ್ತಿರಲಿ. ಕ್ಲೋರಿನ್ ಹೋಗಲು ಇಟ್ಟ ಬಕೆಟನ್ನು ತೆಳು ಬಟ್ಟೆಯಿಂದ ಮುಚ್ಚಿ.

✔️ *ಕೈ:* ತೊಟ್ಟಿ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ, ಮಕ್ಕಳಂತೂ ತಪ್ಪದೆ. ಕೈಯಲ್ಲಿ ಗಾಯವಿದ್ದರೆ ತೊಟ್ಟಿಗೆ ಕೈ ಹಾಕಬೇಡಿ, ಹಾಕಲೇಬೇಕಾದರೆ ಕೈಗವಸು ಧರಿಸಿ. ಮೀನಿನ ನೀರಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಚರ್ಮದಲ್ಲಿ ವಾರಗಟ್ಟಲೆ ವಾಸಿಯಾಗದ ಗಂಟು ಏಳಿಸುತ್ತದೆ. ಅಂಥದ್ದು ಕಂಡರೆ ಡಾಕ್ಟರಿಗೆ ತೋರಿಸುವಾಗ "ಮನೆಯಲ್ಲಿ ಮೀನಿನ ತೊಟ್ಟಿ ಇದೆ" ಎಂದು ತಪ್ಪದೆ ಹೇಳಿ.

✔️ *ಬಾಯಿ:* ಪೈಪಿನಿಂದ ನೀರು ತೆಗೆಯುವಾಗ ಬಾಯಲ್ಲಿ ಎಳೆಯಬೇಡಿ. ಅಡುಗೆಮನೆಯ ಸಿಂಕ್‌ನಲ್ಲಿ ಫಿಲ್ಟರ್ ತೊಳೆಯಬೇಡಿ.

✔️ *ಕರೆಂಟ್:* ನೀರಿಗೆ ಕೈ ಹಾಕುವ ಮೊದಲು ಹೀಟರ್, ಮೋಟಾರ್ ಆರಿಸಿ, ಕೆಲಸ ಮುಗಿದ ಕೂಡಲೇ ಮತ್ತೆ ಹಾಕಿ. ವೈರು ಪ್ಲಗ್‌ಗಿಂತ ಕೆಳಕ್ಕೆ ಇಳಿದು ಮತ್ತೆ ಮೇಲೇರುವಂತೆ ಇರಲಿ, ಆಗ ವೈರಿನ ಗುಂಟ ಹರಿದ ನೀರು ಪ್ಲಗ್ ಸೇರದೆ ಕೆಳಗೆ ತೊಟ್ಟಿಕ್ಕುತ್ತದೆ.

✔️ *ನಿಮ್ಮ ಕುಡಿಯುವ ನೀರು:* ಕಿಟ್ ತಂದ ದಿನ ನಲ್ಲಿ ನೀರಿನ ನೈಟ್ರೇಟನ್ನೂ ನೋಡಿ. ಬೋರ್‌ವೆಲ್, ಟ್ಯಾಂಕರ್ ನೀರಿನವರು ವಿಶೇಷವಾಗಿ. ಭಾರತದ ಕುಡಿಯುವ ನೀರಿನ ಮಾನದಂಡದಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದಕ್ಕಿಂತ ಹೆಚ್ಚಿರುವ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಆರು ತಿಂಗಳೊಳಗಿನ ಕೂಸಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಗ್ಗಿ ಮೈ ನೀಲಿಗಟ್ಟಬಹುದು. ಮೀನಿಗೆ ನೈಟ್ರೈಟ್ ಮಾಡುವ ಕೇಡೇ ಇದು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಮೀನಿನ ಕಿಟ್ ಸುಳಿವು ಮಾತ್ರ ಕೊಡುತ್ತದೆ. ಹೆಚ್ಚು ತೋರಿಸಿದರೆ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡಿಸಿ, ಕೂಸಿಗೆ ಅಲ್ಲಿಯ ತನಕ ಬೇರೆ ನೀರು ಬಳಸಿ.

*10. ಮಗುವಿಗೆ ಏನು ಹೇಳುವುದು?*

"ನಾನು ಊಟ ಜಾಸ್ತಿ ಹಾಕಿದ್ದಕ್ಕೆ ಸತ್ತುಹೋಯ್ತಾ?" ಎಂಬ ಪ್ರಶ್ನೆ ಹಾಗೇ ಉಳಿದಿದೆ. ಉತ್ತರ ಹೀಗಿರಲಿ: "ನಿನ್ನ ತಪ್ಪಲ್ಲ ಪುಟ್ಟಾ. ತೊಟ್ಟಿ ಇನ್ನೂ ತಯಾರಾಗಿರಲಿಲ್ಲ, ಅದು ನಮಗೆ ದೊಡ್ಡವರಿಗೇ ಗೊತ್ತಿರಲಿಲ್ಲ. ಈ ಸಲ ಮೊದಲು ತೊಟ್ಟಿ ತಯಾರು ಮಾಡೋಣ, ಆಮೇಲೆ ಮೀನು." ಇಷ್ಟು ನಿಜ ಹೇಳಿದರೆ ಮಗು ಕಾಯಲು ಒಪ್ಪುತ್ತದೆ. ದಿನಾ ಕ್ಯಾಲೆಂಡರಿನಲ್ಲಿ ಅಂಕಿ ಬರೆಯುವ ಮಗುವಿಗೆ ಖಾಲಿ ತೊಟ್ಟಿಯೂ ಖಾಲಿ ಅನಿಸುವುದಿಲ್ಲ.

ಒಂದು ವೇಳೆ ಸಾಕಲು ಆಗುವುದೇ ಇಲ್ಲ ಎನಿಸಿದರೆ ಮೀನನ್ನು ಹತ್ತಿರದ ಕೆರೆಗೋ ನದಿಗೋ ಬಿಡಬೇಡಿ. ಹೊರದೇಶದ ತೊಟ್ಟಿಮೀನುಗಳು ನಮ್ಮ ನೀರಿನಲ್ಲಿ ಬೆಳೆದು ಇಲ್ಲಿಯ ಮೀನುಗಳ ಜಾಗ ಕಿತ್ತುಕೊಳ್ಳುತ್ತಿವೆ. ಸಾಕುವವರಿಗೆ ಅಥವಾ ಅಂಗಡಿಗೆ ಕೊಡಿ.

ನಿಮ್ಮ ಬಳಗದಲ್ಲಿ ಯಾರಾದರೂ ಹೊಸದಾಗಿ ತೊಟ್ಟಿ ತಂದಿದ್ದರೆ, ಅಥವಾ ಮಗುವಿನ ಹುಟ್ಟುಹಬ್ಬಕ್ಕೆ ತರುವ ಯೋಚನೆಯಲ್ಲಿದ್ದರೆ, ಈ ಬರಹ ಕಳುಹಿಸಿ. ಹಳೆಯ ತೊಟ್ಟಿ ಇರುವವರು ಗುಂಪಿನಲ್ಲಿ ಒಂದು ಮಾತು ಹಾಕಿ: "ನಮ್ಮಲ್ಲಿ ಹೆಪ್ಪಿದೆ, ಬಂದು ತೆಗೆದುಕೊಂಡು ಹೋಗಿ."